ಪೇಪರಿನಲ್ಲಿ ಸುತ್ತಿದ ಮಾತ್ರೆ

ಹೊಳೆನರಸೀಪುರದಲ್ಲಿ ನಾನು ಔಷಧಿ ಕೊಳ್ಳುವ ಮೆಡಿಕಲ್ ಶಾಪಿನ ಯಜಮಾನರು ಅವತ್ತು ನನ್ನ ಚೀಟಿ ನೋಡಿ, ಎಂದಿನಂತೆ ಹಳೆಯ ಪೇಪರಿಗೆ ಕೈ ಹಾಕಿದವರು ಹಾಗೇ ತಡೆದು ನಿಂತರು. ನನ್ನ ಕೀಲುವಾತದ ಮಾತ್ರೆಯನ್ನು ಅವರು ಸುಮ್ಮನೆ ಕೈಗೆ ಕೊಡುತ್ತಿದ್ದರು. ಖಿನ್ನತೆಯ ಮಾತ್ರೆಯನ್ನು ಮಾತ್ರ ಪೇಪರಿನಲ್ಲಿ ಸುತ್ತಿ ಕರಿ ಕವರಿಗೆ ಹಾಕುತ್ತಿದ್ದರು. ಎರಡೂ ನನ್ನ ಕಾಯಿಲೆಗಳೇ, ಒಂದಕ್ಕೆ ಮಾತ್ರ ಯಾಕೆ ಮುಸುಕು ಎಂದು ನನ್ನ ಬ್ಲಾಗಿನಲ್ಲಿ ಖಾರವಾಗಿಯೇ ಬರೆದಿದ್ದೆ. ಅಂಗಡಿಯ ಹೆಸರು ಹಾಕಿರಲಿಲ್ಲ.

“ನೀವು ಬರ್ದಿದ್ನ ನನ್ ಸೊಸೆ ಓದಿ ಯೋಳುದ್ಲು ಕಣಮ್ಮ,” ಎಂದರು. ನಾನು ಜಗಳಕ್ಕೆ ಸಿದ್ಧಳಾದೆ.

ಅವರು ಡ್ರಾಯರಿನಿಂದ ಪೇಪರಿನ ಪೊಟ್ಟಣವೊಂದನ್ನು ತೆಗೆದು ಬಿಚ್ಚಿದರು. ಒಳಗಿದ್ದುದು ನಾನು ನುಂಗುವ ಮಾತ್ರೆಯೇ.

“ಇದು ನಂದು. ಆರು ವರ್ಸದಿಂದ ಇಂಗೇ ಸುತ್ಕಂಡು ಮನೆಗೆ ತಗಂಡೋಯ್ತಿದ್ದೆ. ನಿಮ್ಗೂ ಯಾರೂ ಏನೂ ಅನ್ಬಾರ್ದು ಅಂತ ಅಂಗೆ ಕೊಡ್ತಿದ್ದೆ.”

ಬ್ಲಾಗಿನ ಆ ಬರಹವನ್ನು ನಾನು ಅಳಿಸಿಲ್ಲ, ಆದರೆ ಅದನ್ನು ಬರೆದಾಗಿನ ಸಿಟ್ಟು ಈಗ ಉಳಿದಿಲ್ಲ. ಈ ತಿಂಗಳು ಹೋದಾಗ ಅವರ ಮಾತ್ರೆ ಕೌಂಟರಿನ ಮೇಲೆ, ಅವರ ಕನ್ನಡಕದ ಪಕ್ಕದಲ್ಲಿ, ಬಂದವರಿಗೆಲ್ಲ ಕಾಣುವಂತೆ ಇತ್ತು.