ಸೊಂಟ ಅಳೆಯಿರಿ ಎಂದೆ

ಗೆಳೆಯರೇ, ‘ತಕ್ಕಡಿ ಸುಳ್ಳು ಹೇಳದು’ ಎಂದೋ ಏನೋ ಒಂದು ಸಾಲು ಓದಿದ ನೆನಪು. ಬರೆದವರು ಇವತ್ತು ಬೆಳ್ತಂಗಡಿಯ ಕ್ಲಿನಿಕ್ಕಿನಲ್ಲಿ ಇರಬೇಕಿತ್ತು.

“ತೂಕ ಸರಿ ಉಂಟು ಮೇಡಂ, ಸಪುರವೇ ಇದ್ದೀರಿ,” ಎಂದರು ಹೊಸ ಡಾಕ್ಟರು.

“ಎಂಟನೇ ವಯಸ್ಸಿನಲ್ಲಿ ನನಗೆ ರಕ್ತದ ಕ್ಯಾನ್ಸರ್ ಆಗಿತ್ತು. ಆ ಚಿಕಿತ್ಸೆ ಪಡೆದವರಲ್ಲಿ ತೂಕ ಸರಿ ಇದ್ದರೂ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ ಇರಬಹುದು. ಹೊಟ್ಟೆಯ ಕೊಬ್ಬು ಹೃದಯಕ್ಕೆ ಕೆಟ್ಟದ್ದು, ಸೊಂಟ ಅಳೆಯಿರಿ.”

“ಅದೆಲ್ಲ ದಪ್ಪ ಇದ್ದವರಿಗೆ.”

“ಕ್ಯಾನ್ಸರಿನಿಂದ ಪಾರಾಗಿ ಹೃದಯಾಘಾತಕ್ಕೆ ಸಿಗುವ ಮನಸ್ಸಿಲ್ಲ. ಅಳೆಯದೆ ಏಳುವುದಿಲ್ಲ.”

ಕ್ಲಿನಿಕ್ಕಿನಲ್ಲಿ ಟೇಪು ಇರಲಿಲ್ಲ. ಪಕ್ಕದ ಟೈಲರ್ ಅಂಗಡಿಯಿಂದ ತರಿಸಿದರು. ಅಳತೆ ಮಿತಿಗಿಂತ ಜಾಸ್ತಿ ಬಂದದ್ದು ನೋಡಿ ಡಾಕ್ಟರು ಮೈಯ ಕೊಬ್ಬು, ಸ್ನಾಯು ಅಳೆಯುವ ಸ್ಕ್ಯಾನಿಗೆ ಬರೆದುಕೊಟ್ಟರು.

ಕಥೆ ಕೇಳಿದ ಪಕ್ಕದ ಮನೆಯ ಸುನಂದಕ್ಕ ನಮ್ಮ ಬಾಗಿಲಲ್ಲೇ ನಿಂತುಬಿಟ್ಟರು. “ಟೇಪು ಕಂಡರೆ ನಾವು ಹೊಟ್ಟೆ ಒಳಗೆ ಎಳೆದುಕೊಳ್ಳುವುದು. ನೀವು ಜಗಳ ಮಾಡಿ ಅಳತೆ ಕೊಟ್ಟು ಬಂದದ್ದಾ ಮಾರಾಯ್ರೆ?”