ಹಳದಿಯ ಮೇಲೆ ಬೂದು

ಅವನ ಉಗುರಿನ ಸಂದಿಯಿಂದ ಹಳದಿ ಬಣ್ಣ ಎಂದೂ ಪೂರ್ತಿ ಹೋಗುತ್ತಿರಲಿಲ್ಲ. ಅದಕ್ಕೇ ಊರವರ ಬಾಯಲ್ಲಿ ಅವನು ಹಳದಿಯಣ್ಣ. ಕಡಲಂಚಿನ ಪುಣ್ಯಸ್ಥಳಕ್ಕೆ ವಾರಗಟ್ಟಲೆ ನಡೆದುಹೋಗುವ ಯಾತ್ರಿಕರಿಗಾಗಿ ಮರ, ಬಂಡೆ, ಬೇಲಿಕಂಬಗಳ ಮೇಲೆ ಅಂಗೈಯಗಲದ ಹಳದಿ ಪಟ್ಟಿ ಬಳಿಯುವುದು ಅವನ ಕೆಲಸ. ಇಡೀ ದಾರಿಯಲ್ಲ, ಹೊಲಗಳು ಮುಗಿಯುವ ಕವಲಿನಿಂದ ಕಾಡು ಮುಗಿಯುವ ಹೊಳೆಯವರೆಗೆ ಅವನ ಪಾಲು. ಮಳೆ ನಿಂತ ಕೂಡಲೇ ಡಬ್ಬಿ ಹಿಡಿದು ಹೊರಡುತ್ತಿದ್ದ, ಹಳೆಯ ಪಟ್ಟಿಗಳ ಪಾಚಿ ಕೆರೆದು ಹೊಸದಾಗಿ ಬಳಿಯುತ್ತಿದ್ದ. ಮನೆಯ ಗೋಡೆ ಬಣ್ಣ ಕಂಡು ಯಾವ ಕಾಲವಾಯಿತೋ, ಈ ಮಹಾರಾಯ ಕಾಡಿಗೆಲ್ಲ ಬಳಿದುಕೊಂಡು ಬರುತ್ತಾನೆ ಎಂದು ಹೆಂಡತಿ ನೆರೆಯವರೆದುರು ಆಡಿಕೊಳ್ಳುತ್ತಿದ್ದಳು.

ಕವಲಿನಿಂದ ಒಂದು ಗಂಟೆ ನಡೆದರೆ ಕಾಡಿನಂಚಿನಲ್ಲಿ ಅಕ್ಕನ ಮನೆ. ಭಾವ ಮರ ಕೊಯ್ಯುವವನು. ಅವನು ತೀರಿಕೊಂಡ ಮೇಲೆ, ದಿಮ್ಮಿ ಪೇರಿಸುತ್ತಿದ್ದ ಅವನ ಕೊಟ್ಟಿಗೆಯನ್ನು ಅಕ್ಕ ಗುಡಿಸಿ, ಸಾಲಾಗಿ ಮಂಚ ಹಾಕಿ, ಯಾತ್ರಿಕರಿಗೆ ತಂಗಲು ಬಿಟ್ಟಳು. ಬಿಸಿನೀರು, ಬಿಸಿ ಊಟ, ಒಗೆದು ಒಣಗಿಸಿದ ಕಂಬಳಿ. ಮಕ್ಕಳಿಲ್ಲದ ಅವಳಿಗೆ ಬಂದವರೇ ಬಳಗ. ಯಾರ ಕಾಲಿನ ಗುಳ್ಳೆ ಒಡೆಯಿತು, ಯಾವ ಅತ್ತೆ ಸೊಸೆ ಜಗಳವಾಡುತ್ತಲೇ ಇಷ್ಟು ದೂರ ಜೊತೆಗೆ ನಡೆದರು ಎಂದು ತಮ್ಮ ಬಂದಾಗ ಒಂದೂ ಬಿಡದೆ ಹೇಳುವಳು. ಒಬ್ಬೊಬ್ಬರ ಗೊರಕೆಯನ್ನೂ ಅಣಕಿಸಿ ತೋರಿಸುವಳು. ಯಾತ್ರೆಯ ಕಾಲ ಮುಗಿದ ಮೇಲೆ ಹೋದರೆ ಮಾತ್ರ ಅವಳ ಮೊದಲ ಮಾತು ಗಂಟಲಲ್ಲಿ ಸಿಕ್ಕಿಕೊಂಡು ಬರುತ್ತಿತ್ತು. ಅಷ್ಟು ದಿನ ಬಳಸದೆ ಇಟ್ಟ ದನಿ.

ಆ ವರ್ಷದ ಮಳೆಗೆ ಅಕ್ಕನ ಮನೆಯಾಚೆ ಗುಡ್ಡ ಕುಸಿದು ದಾರಿ ಕಂದಕಕ್ಕೆ ಜಾರಿತು. ಇನ್ನು ಮುಂದೆ ಯಾತ್ರಿಕರು ಕವಲಿನಲ್ಲೇ ಡಾಂಬರು ರಸ್ತೆಗೆ ತಿರುಗಲಿ, ಹಳೆಯ ದಾರಿಯ ಗುರುತುಗಳನ್ನೆಲ್ಲ ಬೂದು ಬಣ್ಣದಿಂದ ಮುಚ್ಚು ಎಂದು ಯಾತ್ರಾ ಸಮಿತಿಯ ಮೇಲ್ವಿಚಾರಕ ಹೇಳಿದ. ಹಳದಿಯಣ್ಣ ಹೊಸ ರಸ್ತೆಗೆ ಹಳದಿ ಬಳಿದ, ಕಾಡಿನೊಳಗಿನ ಒಂದೊಂದು ಪಟ್ಟಿಯನ್ನೂ ಬೂದಿನಿಂದ ಮುಚ್ಚಿದ. ಕವಲಿನಿಂದ ಅಕ್ಕನ ಮನೆಯವರೆಗಿನ ಗುರುತುಗಳಿಗೆ ಬಂದಾಗ ಕೈ ಏಳಲಿಲ್ಲ. ಅವನ್ನು ಹಾಗೇ ಬಿಟ್ಟ. ಬಂದವರು ಒಂದು ರಾತ್ರಿ ತಂಗಲಿ, ಮುಂದೆ ದಾರಿಯಿಲ್ಲವೆಂದು ಹೇಳಿ ಬೆಳಿಗ್ಗೆ ಕವಲಿಗೆ ವಾಪಸು ಕಳಿಸು ಎಂದು ಅಕ್ಕನಿಗೆ ತಿಳಿಸಿದ.

"ಪಾಪ, ಅವ್ರಿಗೆ ಸುಮ್ನೆ ನಡೆದಿದ್ದು ದಂಡ ಅಲ್ವೇನೋ?" ಎಂದಳು.

"ನಿನ್ನ ಕೈಯೂಟ ಸಿಗುತ್ತಲ್ಲ."

"ನನ್ನ ಊಟಕ್ಕೆ ಯಾರೂ ಇಷ್ಟು ದೂರ ಬರಲ್ಲ ಕಣೋ. ನಿನ್ನ ಬಣ್ಣ ನಂಬ್ಕೊಂಡು ಬರ್ತಾರೆ." ಅಷ್ಟು ಹೇಳಿದರೂ ಬೇಡವೆನ್ನಲಿಲ್ಲ. ಕಂಬಳಿಗಳನ್ನು ಬಿಸಿಲಿಗೆ ಹಾಕಿದಳು.

ಚಳಿ ಶುರುವಾದಾಗ ಒಬ್ಬ ಮುದುಕ ದರ್ಜಿ ಬಂದ. ತೀರಿಹೋದ ಹೆಂಡತಿಯ ಹರಕೆಯನ್ನು ತಾನು ತೀರಿಸಲು ಹೊರಟವನು. ಊಟವಾದ ಮೇಲೆ ಅಕ್ಕನ ಕಂಬಳಿಯ ಹರಕಿಗೆ ಹೊಲಿಗೆ ಹಾಕಿಕೊಟ್ಟ. ಮುಂದಿನ ದಾರಿ ಕುಸಿದಿದೆ, ಹಿಂದಕ್ಕೆ ಹೋಗಬೇಕು ಎಂದು ಅವಳು ಬಿಡಿಸಿ ಹೇಳಿದಾಗ, ಇಷ್ಟು ನಡೆದ ಮೇಲೆ ಹಿಂದಕ್ಕೆ ಹೆಜ್ಜೆ ಇಡಲು ಮನಸ್ಸು ಬರದು ಎಂದು ನಿಟ್ಟುಸಿರಿಟ್ಟನಂತೆ. ಬೆಳಿಗ್ಗೆ ಅವಳು ಏಳುವ ಹೊತ್ತಿಗೆ ಮಂಚ ಖಾಲಿ. ಕವಲಿಗೆ ಹೋದನೆಂದುಕೊಂಡಳು.

ಅವನು ಹೋದದ್ದು ಕಾಡಿಗೆ. ಮನೆಯ ಹಿಂದಿನ ಮರದ ಮೇಲೆ ಒಂದು ಬೂದು ಪಟ್ಟಿ, ಅದೇ ಎತ್ತರದಲ್ಲಿ, ಅದೇ ಅಗಲಕ್ಕೆ. ಅದರಾಚೆಯ ಮರಕ್ಕೆ ಇನ್ನೊಂದು. ವಾರಗಟ್ಟಲೆ ಪಟ್ಟಿಗಳನ್ನೇ ಹುಡುಕಿಕೊಂಡು ನಡೆದ ಕಣ್ಣಿಗೆ ಬಣ್ಣ ಯಾವುದಾದರೇನು. ಕುಸಿದ ಜಾಗವನ್ನು ಬಳಸಿಹೋಗುವ ದಾರಿ ಎಂದುಕೊಂಡಿರಬೇಕು. ಮಂಜಿನಲ್ಲಿ ಕುಸಿತದ ಅಂಚಿನ ಪಟ್ಟಿಯವರೆಗೂ ನಡೆದಿದ್ದ. ಅರಣ್ಯ ಕಾವಲುಗಾರರು ಕಂದಕದಿಂದ ಹೆಣ ಎತ್ತಿದರು.

ಮೇಲ್ವಿಚಾರಕ ಹಣೆಬರಹ ಎಂದ. ಹಳದಿಯಣ್ಣನನ್ನು ಯಾರೂ ಏನೂ ಕೇಳಲಿಲ್ಲ. ಅವನೇ ಅಕ್ಕನ ಮನೆಗೆ ಹೋದ. ಅವಳು ಕೊಟ್ಟಿಗೆಯಲ್ಲಿ, ದರ್ಜಿ ಮಲಗಿದ್ದ ಮಂಚದ ತುದಿಯಲ್ಲಿ ಕುಳಿತಿದ್ದಳು. ಅಳಿಸಿದೆನೆಂದುಕೊಂಡು ತನ್ನ ಕೈಯಾರೆ ಇನ್ನೊಂದು ದಾರಿ ಬರೆದೆ ಎಂದು ಅವನು ತಡೆತಡೆದು ಹೇಳಿದ.

"ಕಾಡೊಳಗಿಂದು ಬಿಡು, ಅದು ಗೊತ್ತಿಲ್ದೆ ಆಗಿದ್ದು," ಎಂದಳು ಅಕ್ಕ. "ಇಲ್ಲೀವರೆಗೆ ಅವ್ರನ್ನ ಕರ್ಕೊಂಡು ಬಂದಿದ್ದು ಯಾಕೆ? ನಂಗೋಸ್ಕರ ತಾನೇ? ನಾನೂ ಸುಮ್ನಿದ್ದೆ."



ಅವಳು ಒಳಗೆ ಹೋಗಿ ಗಂಡ ತೊಗಟೆ ಸುಲಿಯುತ್ತಿದ್ದ ಬಾಚಿಯನ್ನು ತಂದಳು. ಮೊದಲು ಕಾಡಿನೊಳಗೆ, ಆಮೇಲೆ ಕವಲಿನ ಕಡೆಗೆ, ಅಕ್ಕ ತಮ್ಮ ಇಬ್ಬರೂ ಮರದಿಂದ ಮರಕ್ಕೆ ನಡೆದರು. ಪಟ್ಟಿಯ ಆಕಾರ ಉಳಿಯದಂತೆ ತೊಗಟೆಯನ್ನು ಅಡ್ಡಾದಿಡ್ಡಿ ಸುಲಿದರು, ಬಂಡೆಗಳನ್ನು ಕಲ್ಲಿನಿಂದ ಉಜ್ಜಿ ಕೆಸರು ಮೆತ್ತಿದರು. ಅವನು ಬಿಟ್ಟು ಮುಂದೆ ಹೋದ ಒಂದು ಬೇಲಿಕಂಬವನ್ನು ಅವಳೇ ಕರೆದು ತೋರಿಸಿದಳು. ಅದು ಅವಳ ಮನೆಗೆ ತಿರುಗುವಲ್ಲಿನ ಕಂಬ.

ಊರಿಗೆ ಬಂದು ನಮ್ಮ ಜೊತೆ ಇರು ಎಂದು ಅವನು ಕೇಳಿದ. ನಿನ್ನ ಒಂದೂವರೆ ಕೋಣೆಯಲ್ಲಿ ನಿನ್ನ ಹೆಂಡತಿಯ ಬಾಯಿಗೇ ಜಾಗ ಸಾಲದು ಎಂದು ಅವಳು ನಕ್ಕಳು. ಇಬ್ಬರಿಗೂ ಆ ನಗು ಮುಂದುವರಿಸಲಾಗಲಿಲ್ಲ.

ಮರುದಿನ ಕಂಬಳಿಗಳನ್ನು ಕಟ್ಟಿದರು, ಹೊಸ ರಸ್ತೆಯ ತಂಗುದಾಣಕ್ಕೆ ಕೊಡಲು. ಅವನು ಗಂಟು ಹೊರುವ ಮೊದಲು ಅವಳು ಎರಡನ್ನು ಎಳೆದು ಪಕ್ಕಕ್ಕಿಟ್ಟಳು.

"ಎರಡು ಯಾಕೆ?" ಎಂದ.

"ಒಂದು ನಂಗೆ."

ಇನ್ನೊಂದನ್ನು ಅವಳು ನೀಟಾಗಿ ಮಡಿಸಿ, ಕೊಟ್ಟಿಗೆಯ ಬಾಗಿಲ ಬಳಿಯ ಮಂಚದ ಮೇಲೆ, ಯಾರಾದರೂ ಬಂದರೆ ಕಾಲು ಚಾಚುವ ಕಡೆಗೆ ಇಟ್ಟು ಬಂದಳು.