ಅವಳ ಫೋಲ್ಡರಿನ ಕಾವಲು

ಅಫಜಲಪುರದ ಬಸ್ ನಿಲ್ದಾಣದ ಹಿಂದಿನ ಬ್ಯಾನರ್ ಅಂಗಡಿಯಲ್ಲಿ ನಾನು ಡಿಸೈನ್ ಮಾಡಲು ಕೂತಾಗ ಫ್ಲೆಕ್ಸ್ ಅನ್ನುವುದು ಊರಿಗೆ ಹೊಸದು. ಹುಟ್ಟುಹಬ್ಬ, ಮದುವೆ, ಶ್ರದ್ಧಾಂಜಲಿ, ಭೂಸನೂರ ಕಡೆಯ ಕಬ್ಬಿನವರ ಟ್ರ್ಯಾಕ್ಟರ್ ಪೂಜೆ, ಎಲ್ಲವೂ ನನ್ನ ಕೈಯಿಂದಲೇ ಹೋಗಬೇಕು. ಮಾಲಕರು ಆಳಂದದಲ್ಲಿ ಎರಡನೇ ಅಂಗಡಿ ತೆರೆದಾಗಲೂ ಅಲ್ಲಿನ ಬ್ಯಾನರುಗಳನ್ನು ಇಲ್ಲಿಂದ ನಾನೇ ಮಾಡಿ ಕಳಿಸಿದೆ. ಹಾಗಾಗಿ ಜೇವರ್ಗಿಯಲ್ಲಿ ಮೂರನೆಯದು ತೆರೆಯುತ್ತೇನೆ, ಅದನ್ನು ನೋಡಿಕೊಳ್ಳಲು ನಮ್ಮಲ್ಲೇ ಒಬ್ಬರನ್ನು ಕಳಿಸುತ್ತೇನೆ ಎಂದು ಅವರು ಹೇಳಿದಾಗ, ಅಲ್ಲಿ ನನ್ನ ಕುರ್ಚಿ ಎಲ್ಲಿ ಹಾಕಬೇಕು ಎಂಬುದನ್ನೂ ನಾನು ಮನಸ್ಸಿನಲ್ಲಿ ಗೊತ್ತು ಮಾಡಿಬಿಟ್ಟಿದ್ದೆ. ಮನೆಯಲ್ಲೂ ಹೇಳಿಕೊಂಡಿದ್ದೆ.

ನೆಲೋಗಿಯ ಆ ಹುಡುಗಿ ನಮ್ಮಲ್ಲಿ ಕೆಲಸಕ್ಕೆ ಸೇರಿ ಆಗ ವರ್ಷವೂ ಆಗಿರಲಿಲ್ಲ. ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಡಬ್ಬಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಮಾತು ಕಡಿಮೆ. ಮೊದಮೊದಲು ನಾನೇ ಅವಳಿಗೆ ಕಲಿಸಿದೆ: ಅಕ್ಷರ ದೊಡ್ಡದಿರಲಿ, ಮುಖಂಡರ ಫೋಟೋ ಮೇಲಿರಲಿ, ಖಾಲಿ ಜಾಗ ಬಿಡಬೇಡ, ಖಾಲಿ ಜಾಗಕ್ಕೆ ಗಿರಾಕಿ ದುಡ್ಡು ಕೊಡುವುದಿಲ್ಲ. ಅವಳು ಹೂಂ ಅಂದಳು. ಆಮೇಲೆ ಖಾಲಿ ಜಾಗ ಬಿಟ್ಟೇ ಮಾಡಿದಳು. ಗಿರಾಕಿಗಳು ದುಡ್ಡೂ ಕೊಟ್ಟರು.

ಒಂದು ಸಲ ಒಬ್ಬ ಮುದುಕಿಯ ಶ್ರದ್ಧಾಂಜಲಿ ಬ್ಯಾನರ್ ಬಂತು. ನಾನಾಗಿದ್ದರೆ ಎರಡು ದೀಪ, ಒಂದು ಚೆಂಡುಹೂವಿನ ಮಾಲೆ, ಹಿಂದೆ ನೀಲಿ ಆಕಾಶ, ಚಹಾ ಆರುವುದರೊಳಗೆ ಮುಗಿಸುತ್ತಿದ್ದೆ. ಇವಳು ಫೋಟೋದಲ್ಲಿ ಮುದುಕಿ ತಲೆಗೆ ಹೊದ್ದಿದ್ದ ಸೆರಗಿನ ಅಂಚನ್ನು ತೆಗೆದು, ಹಿಗ್ಗಿಸಿ, ಬ್ಯಾನರಿನ ಸುತ್ತ ಅದನ್ನೇ ಚೌಕಟ್ಟು ಮಾಡಿದಳು. ದೀಪವಿಲ್ಲ, ಹೂವಿಲ್ಲ. ಪರದೆಯ ಮೇಲೆ ಅದನ್ನು ನೋಡಿದ ಮಗ, ನರೆತ ಮೀಸೆಯ ಮನುಷ್ಯ, ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟ. ಇಷ್ಟು ವರ್ಷದಲ್ಲಿ ನನ್ನ ಬ್ಯಾನರ್ ನೋಡಿ ಯಾರೂ ಅತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯಿತು. ಇದಕ್ಕೆ ಬೇರೆ ಮರ್ಯಾದಸ್ಥ ಮಾತು ಹುಡುಕುವುದೇಕೆ, ಉರಿಯಿತು ಅಷ್ಟೇ. ಆ ಸಂಜೆ ಮನೆಗೆ ಹೋಗಿ ಗಂಡನ ಮೇಲೆ ಹರಿಹಾಯ್ದೆ. ಪಾಪ, ಅವರು ಕೇಳಿದ್ದು ಚಹಾ ಆಯಿತೇನು ಅಂತಷ್ಟೇ.

ಅಲ್ಲಿಂದ ಮುಂದೆ ಗಿರಾಕಿಗಳು ಬಾಗಿಲಲ್ಲೇ ಕೇಳತೊಡಗಿದರು: "ಆ ಹುಡುಗಿ ಅದಾಳೇನ್ರಿ?" ಎದುರಿಗೇ ನಾನು ಕೂತಿರುತ್ತಿದ್ದೆ. "ಅದಾಳ್ರಿ, ಕುಂದರ್ರಿ" ಎನ್ನುತ್ತಿದ್ದೆ.

ನಮ್ಮ ಕೆಲಸವೆಲ್ಲ ಒಳಕೋಣೆಯ ಒಂದೇ ಸರ್ವರಿನಲ್ಲಿ ಇರುತ್ತಿತ್ತು. ಅವರವರ ಹೆಸರು, ಪಾಸ್‌ವರ್ಡ್ ಹಾಕಿ ಒಳಗೆ ಹೋಗಬೇಕು. ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರ್, ಆದರೆ ಯಾರದನ್ನು ಯಾರಾದರೂ ತೆರೆಯಬಹುದು. ಹಳೆಯ ಫೈಲುಗಳೇ ನಮ್ಮ ಬಂಡವಾಳ. ಗಿರಾಕಿ "ಅಂಥಾದ್ದ ಒಂದ ಮಾಡ್ರಿ" ಅಂದರೆ ಹಳೆಯದನ್ನು ತೆರೆದು ಫೋಟೋ, ಹೆಸರು ಬದಲಿಸಿ ಕೊಟ್ಟರಾಯಿತು. ಒಂದು ದಿನ, ಗಾಳಿಗೆ ಹರಿದ ಹುಟ್ಟುಹಬ್ಬದ ಬ್ಯಾನರನ್ನು ಮತ್ತೆ ಮುದ್ರಿಸಿ ಕೊಡಿ ಎಂದು ಗಿರಾಕಿಯೊಬ್ಬರು ಬಂದರು. ಫೈಲಿಲ್ಲ. ಮುಂದಿನ ವಾರ ಇನ್ನೊಂದಿಲ್ಲ. ಹುಡುಕಿ ನೋಡಿದರೆ ಹೋದವೆಲ್ಲ ಆ ಹುಡುಗಿ ಮಾಡಿದವೇ. ನನ್ನ ಫೋಲ್ಡರಿನಲ್ಲಿ ಒಂದೂ ಕದಲಿರಲಿಲ್ಲ.

"ಇನ್ನೊಂದ ಮಾಡಿ ಕೊಡ್ತೇನಿ ಬಿಡ್ರಿ" ಎಂದಳು ಅವಳು. ಎಷ್ಟು ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳಿದರು. ಕಳೆದುಕೊಂಡವಳನ್ನು ಯಾರು ಏನು ವಿಚಾರಿಸುತ್ತಾರೆ? ವಿಚಾರಿಸದೆಯೇ ಎಲ್ಲರ ಕಣ್ಣು ನನ್ನ ಕಡೆ ತಿರುಗಿತು. ಪ್ರಿಂಟಿಂಗ್ ಮಷಿನ್ ನಡೆಸುವವನಂತೂ ನನ್ನನ್ನು ನೋಡಿ ಒಂಥರಾ ನಗತೊಡಗಿದ. ನನಗೆ ಹೊಟ್ಟೆಕಿಚ್ಚು ಇದ್ದದ್ದು ನಿಜ, ಅಳಿಸಿದ್ದು ಸುಳ್ಳು. ಆದರೆ ಹೀಗೇ ಬಿಟ್ಟರೆ ಜೇವರ್ಗಿ ಕೈತಪ್ಪಿದ ಹಾಗೆಯೇ ಎಂದು ತಿಳಿಯಿತು.

"ಮಾಲಕರ, ಯಾರ ಅಳಸಾಕತ್ತಾರ ನಾನ ಹಿಡದು ಕೊಡ್ತೇನಿ" ಎಂದೆ.

ಕಲಬುರಗಿಯಿಂದ ಬಂದು ನಮ್ಮ ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಫೋನ್ ಹಚ್ಚಿದೆ. ಸರ್ವರಿನಲ್ಲಿ ಆಡಿಟ್ ಅಂತ ಇರುತ್ತದೆ, ಅದನ್ನು ಚಾಲೂ ಮಾಡಿದರೆ ಯಾವ ಫೈಲಿಗೆ ಯಾರು ಏನು ಮಾಡಿದರು ಎಂದು ಅದೇ ಬರೆದಿಡುತ್ತದೆ ಎಂದರು. "ಅಳಸೂದಕ್ಕಷ್ಟ ಟಿಕ್ ಹಾಕ್ರಿ ಅಕ್ಕಾರ, ಎಲ್ಲಾದಕ್ಕೂ ಹಾಕಿದ್ರ ಸುಮ್ಮನ ಕಸ ತುಂಬ್ತದ" ಎಂದೂ ಹೇಳಿದರು. ಸಿಟ್ಟು ನೆತ್ತಿಗೇರಿದವರಿಗೆ ಅಷ್ಟೇ ಸಾಕಾಗುತ್ತದೆಯೇ? ತೆರೆದದ್ದು, ತಿದ್ದಿದ್ದು, ಅಳಿಸಿದ್ದು, ಕಂಡ ಚೌಕಕ್ಕೆಲ್ಲ ಟಿಕ್ ಹಾಕಿದೆ. ಎಲ್ಲ ಫೋಲ್ಡರಿಗೂ ಹಾಕಿದೆ, ಎಲ್ಲರ ಹೆಸರಿಗೂ ಹಾಕಿದೆ.

ಇನ್ನೊಂದಿಷ್ಟು ಫೈಲು ಹೋಗುವವರೆಗೆ ಕಾದು, ಅದು ಬರೆದಿಟ್ಟದ್ದನ್ನು ತೆರೆದೆ. ಅಳಿಸಿದ ಸಾಲುಗಳನ್ನಷ್ಟೇ ಹುಡುಕಿದೆ. ಎಲ್ಲದರ ಎದುರಿಗೂ ಆ ಹುಡುಗಿಯದೇ ಹೆಸರು. ತನ್ನವನ್ನು ತಾನೇ! ನನಗಾದ ಖುಷಿಯನ್ನು ಏನು ಹೇಳಲಿ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ತನ್ನ ಕೆಲಸ ಯಾರಿಗೂ ಸಿಗಬಾರದೆಂದು ಹೀಗೆ ಮಾಡುತ್ತಾಳೆ, ಮಾಲಕರ ಧಂದೆಗೆ ಲುಕ್ಸಾನು ಮಾಡುತ್ತಾಳೆ, ಇನ್ನು ಇವಳನ್ನು ಜೇವರ್ಗಿಗೆ ಯಾರು ಕಳಿಸುತ್ತಾರೆ? ಉಳಿದ ಸಾಲುಗಳನ್ನು ಓದದೆಯೇ, ಆಡಿಟ್ ಬರೆದಿಟ್ಟದ್ದನ್ನೆಲ್ಲ ಮುದ್ರಿಸಿ ಮಾಲಕರ ಮೇಜಿನ ಮೇಲಿಟ್ಟು, ಅವಳನ್ನೂ ಅಲ್ಲಿಗೇ ಕರೆದೆ.

"ಹೌದ್ರಿ, ನಾನ ಅಳಸೇನಿ" ಎಂದಳು, ಮುಚ್ಚುಮರೆಯಿಲ್ಲದೆ. "ಕೆಲಸ ಕೊಟ್ಟ ಮ್ಯಾಗ ಇಡಂಗಿಲ್ರಿ. ಇಟ್ರ ಅದಕ್ಕ ಫೋಟೋ ಬದಲ್ ಮಾಡಿ ಕೊಡು ಅಂತಾರ. ಒಬ್ಬರ ಅವ್ವನ ಸೆರಗ ಇನ್ನೊಬ್ಬರ ಅವ್ವಗ ಹ್ಯಾಂಗ ಹಾಕ್ಲಿರಿ? ಫೈಲ್ ಇಲ್ಲಂದ್ರ ಹೊಸಾದ ಮಾಡ್ತೇನಿ."

"ಮೊದಲ ಯಾಕ ಹೇಳಲಿಲ್ಲ?" ಎಂದರು ಮಾಲಕರು.

"ಯಾರೂ ನನ್ನ ಕೇಳಲಿಲ್ರಿ."

"ಇನ್ನ ಮ್ಯಾಗ ನನ್ನ ಕೇಳದ ಒಂದೂ ಅಳಸಬ್ಯಾಡ" ಎಂದು ಮಾಲಕರು ಗದರಿದರು. ಇನ್ನೂ ಬೈಯಲಿ ಎಂದು ನಾನು ಕಾಯುತ್ತಿದ್ದೆ. ಅವರು ಚಾಳೀಸು ಮೂಗಿಗೇರಿಸಿಕೊಂಡು ಹಾಳೆ ತಿರುಗಿಸಿದರು, ಇನ್ನೊಂದು ತಿರುಗಿಸಿದರು.

"ಇದೇನವ್ವಾ, ಇಕಿ ಫೈಲಿನ ಮುಂದೆಲ್ಲಾ ನಿನ್ನ ಹೆಸರ ಅದಲ್ಲ?"

ಇತ್ತು. ತೆರೆದವರು ನಾನು, ತೆರೆದವರು ನಾನು, ತೆರೆದವರು ನಾನು. ಅವಳು ಊಟಕ್ಕೆ ಎದ್ದಾಗ ತೆರೆಯುತ್ತಿದ್ದೆ, ಬಸ್ಸಿಗೆ ಹೋದ ಮೇಲೆ ತೆರೆಯುತ್ತಿದ್ದೆ. ಕದಿಯಲಿಕ್ಕಲ್ಲ. ಡಿಸೈನಿನ ಒಂದೊಂದೇ ಪದರ ಸರಿಸಿ, ಎಲ್ಲಿಂದ ಶುರು ಮಾಡಿದಳು, ಯಾವುದನ್ನು ಬೇಡವೆಂದು ಬಿಟ್ಟಳು ಎಂದು ನೋಡುತ್ತಿದ್ದೆ. ನೋಡದೆ ಇರಲು ಆಗುತ್ತಿರಲಿಲ್ಲ, ನೋಡಿದ ಮೇಲೆ ಊಟ ಸೇರುತ್ತಿರಲಿಲ್ಲ.

ಅವಳೂ ಬಗ್ಗಿ ಹಾಳೆ ನೋಡಿದಳು. "ಕೇಳಿದ್ರ ನಾನ ತೋರಸ್ತಿದ್ದೆ ಅಕ್ಕಾರ" ಎಂದಳು. ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಅಲ್ಲೇ ಜಗಳ ತೆಗೆಯಬಹುದಿತ್ತು.

ಮಾಲಕರು ಅವಳನ್ನೇ ಜೇವರ್ಗಿಗೆ ಕಳಿಸಿದರು. "ನೆಲೋಗಿಗೆ ಹತ್ರ ಆಗ್ತದವ್ವಾ, ಅದಕ್ಕ" ಎಂದು ನನಗೆ ಸಮಾಧಾನ ಹೇಳಿದರು. ನನ್ನ ಮನಸ್ಸು ನೋಯಬಾರದೆಂದು ಹುಡುಕಿದ ಕಾರಣ ಅದು, ಅಷ್ಟು ನನಗೂ ತಿಳಿಯುತ್ತದೆ.

ಅವಳು ಹೋದ ಮಾರನೆಯ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಆಡಿಟ್ ತೆರೆದು ಈ ಸಲ ನನ್ನ ಫೋಲ್ಡರಿನ ಸಾಲುಗಳನ್ನು ಹುಡುಕಿದೆ. ಅವಳು ನನ್ನ ಯಾವ ಫೈಲನ್ನು ತೆರೆದಿದ್ದಳು, ಎಷ್ಟು ಹೊತ್ತು ನೋಡಿದ್ದಳು ಎಂದು ತಿಳಿಯಬೇಕಿತ್ತು. ನನ್ನ ಹೆಸರಿತ್ತು. ಮುದ್ರಿಸಲು ತೆರೆದ ಮಷಿನಿನವನ ಹೆಸರಿತ್ತು. ಅವಳ ಹೆಸರು ಎಲ್ಲಿಯೂ ಇರಲಿಲ್ಲ. ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ನೋಡಿದೆ. ಜೇವರ್ಗಿ ಹೋದದ್ದನ್ನು ನಾನು ಹೇಗೋ ನುಂಗಿಕೊಂಡಿದ್ದೆ, ಇದನ್ನು ನುಂಗಲಾಗಲಿಲ್ಲ. ಹೊಟ್ಟೆಕಿಚ್ಚಿಗೆ ಅವಳು ನನ್ನದೊಂದು ಫೈಲನ್ನಾದರೂ ಅಳಿಸಿರಬಾರದಿತ್ತೇ ಅನ್ನಿಸಿತು.